ನೀರಿಗಿಳಿಯುವ ಗಾಲಿ

ಹುಬ್ಬಳ್ಳಿ-ಧಾರವಾಡದ ಗಾಡಿಗಳಿಗೆ ಆರ್‌ಟಿಒ ಆಫೀಸಿನವರು ಎರಡೆರಡು ಪರವಾನಗಿ ಕೊಡಬೇಕು ಅನ್ನುವುದು ನಮ್ಮ ಪಕ್ಕದ ಮನೆಯ ಕಾಕಾ ಅವರ ಹಳೆಯ ವಾದ. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು. ಬೇಸಿಗೆಯದು ನೆಲದ ಮೇಲೆ ಓಡಿಸಲಿಕ್ಕೆ, ಮಳೆಗಾಲದ್ದು ನೀರಿನಲ್ಲಿ ಓಡಿಸಲಿಕ್ಕೆ. ವಾದದಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ಜೋರು ಮಳೆ ಹೊಡೆದರೆ ಧಾರವಾಡದ ಟೋಲ್‌ನಾಕಾದಲ್ಲಿ ಬಿಆರ್‌ಟಿಎಸ್ ದಾರಿ ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ. ಚಿಗರಿ ಬಸ್ಸು ಎರಡೂ ಬದಿಗೆ ತೆರೆ ಎಬ್ಬಿಸುತ್ತ ಹೋಗುತ್ತದೆ. ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಸ್ಕೂಟರಿನವರು ಎರಡೂ ಕಾಲು ಎತ್ತಿಕೊಂಡು ದೇವರ ಮೇಲೆ ಭಾರ ಹಾಕುತ್ತಾರೆ. ಉಣಕಲ್ ಕೆರೆ ತುಂಬಿ ಹರಿದರೆ ನಾಲಾ ಬದಿಯ ಓಣಿಗಳ ಗತಿ ಏನಾಗುತ್ತದೆ ಅನ್ನುವುದನ್ನು 2019ರ ಆಗಸ್ಟಿನಲ್ಲಿ ಊರೆಲ್ಲ ನೋಡಿದೆ. ಅಂದಮೇಲೆ ನಮ್ಮವೆಲ್ಲ ಉಭಯಚರ ವಾಹನಗಳೇ. ಕಂಪನಿಯವರಿಗೆ ಗೊತ್ತಿಲ್ಲ, ಅಷ್ಟೇ.

ಕಾಕಾ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ನೌಕರಿ ಮುಗಿಸಿದವರು. ಸದರ್ನ್ ಮರಾಠಾ ರೈಲ್ವೆಯವರು 1880ರ ದಶಕದಲ್ಲಿ ಎಬ್ಬಿಸಿದ ಆ ವರ್ಕ್‌ಶಾಪಿನ ಭೋಂಗಾ ಕೇಳಿ ಕೈಗಡಿಯಾರ ಸರಿ ಮಾಡಿಕೊಂಡ ಮಂದಿ ಹುಬ್ಬಳ್ಳಿಯಲ್ಲಿ ಬೇಕಾದಷ್ಟಿದ್ದಾರೆ. ಬೀಗರು ಬಂದರೆ ಉಳಿದವರು ಸಿದ್ಧಾರೂಢ ಸ್ವಾಮೀಜಿ ನಿಲ್ದಾಣಕ್ಕೆ ಕರೆದೊಯ್ದು 1,507 ಮೀಟರಿನ ಪ್ಲಾಟ್‌ಫಾರ್ಮ್ ತೋರಿಸುತ್ತಾರೆ, ಜಗತ್ತಿನಲ್ಲೇ ಉದ್ದದ್ದು ಅಂತ. ಕಾಕಾ ತೋರಿಸುವುದು ಅದರ ಬದಿಗೆ ನಿಂತ ಬೋಗಿಯ ಆಕ್ಸಲ್ ಬಾಕ್ಸು. ಬೀಗರು ಎರಡನೇ ಸಲ ಬರುವುದಿಲ್ಲ.

ನಮ್ಮೆರಡು ಮನೆಗಳ ನಡುವೆ ಎದೆಮಟ್ಟದ ಕಂಪೌಂಡ್ ಗೋಡೆ. ಆ ಕಡೆ ಕಾಕಾ, ಈ ಕಡೆ ನಾನು. ಗೋಡೆ ಮೇಲೆ ಚಹಾದ ಬಟ್ಟಲು. ಆವತ್ತು ನನ್ನ ಮಗ ಮೊಬೈಲಿನಲ್ಲಿ ಒಂದು ಕಾರು ನೋಡುತ್ತಿದ್ದ. ತೆರೆದ ಟಾಪಿನ ಚಂದದ ಕಾರು, ಸೀದಾ ಕೆರೆಗೆ ಇಳಿಯಿತು, ಮುಳುಗಲಿಲ್ಲ, ತೇಲುತ್ತ ಹೋಯಿತು. ಜರ್ಮನಿಯ ಆಂಫಿಕಾರ್. 1960ರ ದಶಕದಲ್ಲಿ ತಯಾರಾದದ್ದು, ಒಟ್ಟು ನಾಲ್ಕು ಸಾವಿರದ ಒಳಗೇ ನಿಂತುಹೋಯಿತು. ಹಿಂದೆ ಎರಡು ಪಂಖಾ ನೀರು ತಳ್ಳುತ್ತವೆ, ಮುಂದಿನ ಗಾಲಿಗಳೇ ಚುಕ್ಕಾಣಿ. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಹತ್ತಿರ ಒಂದಿತ್ತು. ಟೆಕ್ಸಾಸಿನ ತಮ್ಮ ತೋಟಕ್ಕೆ ಬಂದ ಅತಿಥಿಗಳನ್ನು ಕೂರಿಸಿಕೊಂಡು, ಇಳಿಜಾರಿನಲ್ಲಿ ‘ಬ್ರೇಕ್ ಹಿಡೀತಿಲ್ಲ’ ಅಂತ ಚೀರಿ, ಕೆರೆಗೆ ಹಾರಿಸಿ, ಅವರ ಮುಖ ನೋಡಿ ನಗುವುದು ಆ ಮನುಷ್ಯನ ಚಾಳಿ.

ಮಗ ಮೆಚ್ಚಿದ್ದು ಕಾರನ್ನು. ಕಾಕಾ ಕನ್ನಡಕ ಏರಿಸಿ ನೋಡಿದ್ದು ಗಾಲಿಯನ್ನು.

‘ಎಲ್ಲಾ ಛಲೋ ಐತಿ. ಬೇರಿಂಗಿನ ಗತಿ ಏನು?’

ಅಲ್ಲಿಂದ ಶುರುವಾಯಿತು.

‘ತೇಲೂದು ಏನ್ ದೊಡ್ಡ ಮಾತಲ್ಲ ತಮ್ಮಾ. ಹರಿಗೋಲೂ ತೇಲತೈತಿ. ಆದ್ರ ಹರಿಗೋಲಿಗೆ ಗಾಲಿ ಇಲ್ಲ. ಗಾಲಿ ಇರೋ ವಸ್ತು ನೀರಿಗೆ ಇಳೀತು ಅಂದ್ರ ಮೊದಲು ಸಾಯೂದು ಬೇರಿಂಗ್.’

ಆ ಕಾರಿನ ಕೈಪಿಡಿಯನ್ನು ಬರೆದವರಿಗೂ ಇದು ಗೊತ್ತಿತ್ತು. ನೀರಿಗಿಳಿದು ಬಂದಮೇಲೆ 13 ಕಡೆ ಗ್ರೀಸ್ ತುಂಬಬೇಕು, ಅದರಲ್ಲಿ ಒಂದು ಕಡೆ ತಲುಪಲು ಹಿಂದಿನ ಸೀಟನ್ನೇ ಕೀಳಬೇಕು. ಇದನ್ನು ಹೇಳಿದ್ದೇ ತಡ ಕಾಕಾಗೆ ಆ ಕಾರಿನ ಮೇಲೆ ಗೌರವ ಬಂತು. ಸೀಟು ಕಿತ್ತು ಗ್ರೀಸ್ ಹಾಕುವ ದೇಶ ಯುದ್ಧದಲ್ಲಿ ಯಾಕೆ ಸೋತಿತೋ ಅಂತ ಸ್ವಲ್ಪ ಹೊತ್ತು ಚಿಂತಿಸಿದರು.

ನಾನು ಆತನಕ ತಿಳಿದದ್ದು, ಗಾಲಿ ಎಷ್ಟು ಆಳಕ್ಕೆ ಮುಳುಗುತ್ತದೋ ಅಷ್ಟು ನೀರು ಒಳಗೆ ನುಗ್ಗುತ್ತದೆ ಅಂತ. ಓಣಿಯಲ್ಲಿ ಎಲ್ಲರೂ ಹಾಗೇ ತಿಳಿದಿದ್ದಾರೆ. ಕಾಕಾ ತಲೆ ಅಲ್ಲಾಡಿಸಿದರು.

‘ನೀರು ಒಳಗ ಹೋಗೂದು ಆಳದ ಸಲುವಾಗಿ ಅಲ್ಲ, ಬಿಸಿ ಸಲುವಾಗಿ. ನೀರು ತಾನಾಗಿ ನುಗ್ಗೂದಿಲ್ಲ. ಹಬ್ಬೇ ಅದನ್ನ ಒಳಗ ಜಗ್ಗಕೋತೈತಿ.’

ಲೆಕ್ಕ ಹಾಕಿ ನೋಡಿದರೆ ಮಾತು ಪಕ್ಕಾ. ಗದಗದಿಂದ ಓಡಿ ಬಂದ ಗಾಡಿ, ದಾರಿಯುದ್ದಕ್ಕೂ ಬ್ರೇಕ್ ಹಿಡಿದು ಹಿಡಿದು ಹಬ್ಬು, ಅಂದರೆ ಬೇರಿಂಗ್ ಕೂತ ಗಾಲಿಯ ನಡುಭಾಗ, 80 ಡಿಗ್ರಿಗೆ ಕಾದಿದೆ ಅನ್ನೋಣ. ಊರು ಹೊಕ್ಕ ಕೂಡಲೇ 30 ಡಿಗ್ರಿಯ ನೀರಿಗೆ ಇಳಿಯಿತು. ಒಳಗೆ ಸಿಕ್ಕಿಕೊಂಡ ಗಾಳಿ ಗಕ್ಕನೆ ತಣ್ಣಗಾಗಿ ಅದರ ಒತ್ತಡ ಶೇಕಡಾ 14ರಷ್ಟು ಕುಸಿಯುತ್ತದೆ. ಅದು ಸುಮಾರು 1.4 ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ. ಗಾಲಿ ನಿಂತಿರುವುದು ಮೊಣಕಾಲುದ್ದ ನೀರಿನಲ್ಲಿ. ಪಾಪ, ಆಯಿಲ್ ಸೀಲಿನ ಪಾಲಿಗೆ ಅದು ಆಳುದ್ದ ನೀರು. ಆ ಸೀಲು ಅಂದರೆ ಏನು? ಒಂದು ರಬ್ಬರಿನ ತುಟಿ. ಒಳಗಿನ ಗ್ರೀಸ್ ಹೊರಗೆ ಬರದಂತೆ, ಹೊರಗಿನ ಧೂಳು ಒಳಗೆ ಹೋಗದಂತೆ ಕಾಯಲು ಇಟ್ಟದ್ದು. ಒಳಗಿನಿಂದಲೇ ಜಗ್ಗಿದರೆ ಅದು ಎಷ್ಟು ಹೊತ್ತು ತಡೆದೀತು?

ಅದಕ್ಕೇ ದೋಣಿಯನ್ನು ಟ್ರೇಲರಿನ ಮೇಲೆ ಎಳೆದುಕೊಂಡು ಬಂದು ಕೆರೆಗೆ ಬಿಡುವ ದೇಶಗಳಲ್ಲಿ ತಿಳಿದವರು ಗಾಡಿ ಮುಟ್ಟಿದ ಕೂಡಲೇ ನೀರಿಗೆ ಇಳಿಸುವುದಿಲ್ಲ. ಹಬ್ಬಿನ ಮೇಲೆ ಕೈಯಿಟ್ಟು ನೋಡಿ, ಆರುವ ತನಕ ದಂಡೆಯ ಮೇಲೆ ನಿಂತು ಹರಟೆ ಹೊಡೆಯುತ್ತಾರೆ. ಹರಟೆಗೂ ಇಂಜಿನಿಯರಿಂಗಿನಲ್ಲಿ ಒಂದು ಜಾಗ ಇದೆ ಅನ್ನುವುದು ನನಗೆ ಸಮಾಧಾನದ ಸಂಗತಿ.

ಅಲ್ಲಿ ಇನ್ನೊಂದು ಉಪಾಯವಿದೆ. ಹಬ್ಬಿನ ತುದಿಗೆ ಮಾಮೂಲಿ ಮುಚ್ಚಳದ ಬದಲು ಸ್ಪ್ರಿಂಗ್ ಇರುವ ಮುಚ್ಚಳ ಕೂರಿಸುತ್ತಾರೆ. ಅದರ ನಿಪ್ಪಲ್ಲಿಗೆ ಗ್ರೀಸ್ ಗನ್ ಹಚ್ಚಿ ತುಂಬಿದರೆ ಸ್ಪ್ರಿಂಗ್ ಆ ಗ್ರೀಸನ್ನು ಸದಾ ಮೆಲ್ಲಗೆ ಒಳಕ್ಕೆ ಒತ್ತುತ್ತಿರುತ್ತದೆ. ಒತ್ತಡ ಬಹಳೇನಿಲ್ಲ, ಮೂರು ಪಿಎಸ್‌ಐ ಆಸುಪಾಸು. ಆದರೆ ಹೊರಗಿನ ನೀರಿಗಿಂತ ಒಳಗಿನ ಒತ್ತಡ ಒಂದು ಗುಲಗಂಜಿ ಹೆಚ್ಚಿದ್ದರೂ ಸಾಕು. ಸೀಲು ಎಲ್ಲಿಯೋ ಸೋತರೆ ಗ್ರೀಸು ಹೊರಗೆ ಬರುತ್ತದೆ ಹೊರತು ನೀರು ಒಳಗೆ ಹೋಗುವುದಿಲ್ಲ.

ಮಾಮೂಲಿ ಗಾಡಿಗೆ ಮೆಕ್ಯಾನಿಕ್ ಹೇಳುವುದು ಬೇರೆ: ಬೇರಿಂಗಿನ ಸಂದಿಗೆಲ್ಲ ಗ್ರೀಸ್ ಮೆತ್ತು, ಹಬ್ಬಿನ ಪೊಳ್ಳಿನಲ್ಲಿ ಮಾತ್ರ ಅರ್ಧಕ್ಕಿಂತ ಕಡಿಮೆ ತುಂಬು, ಇಲ್ಲದಿದ್ದರೆ ವೇಗದಲ್ಲಿ ಗ್ರೀಸು ಕಡೆದು ಕಡೆದು ಕಾಯುತ್ತದೆ. ಸರಿಯೇ. ಆದರೆ ನಿಧಾನ ಓಡಿ ನೀರಿಗೆ ಇಳಿಯುವ ಗಾಡಿಗೆ ಆ ಪೊಳ್ಳೇ ವೈರಿ. ಪೊಳ್ಳಿದ್ದಲ್ಲಿ ಗಾಳಿ, ಗಾಳಿ ಇದ್ದಲ್ಲಿ ಜಗ್ಗಾಟ. ಹಾಗಾಗಿ ಅಂಥ ಹಬ್ಬಿಗೆ ಗಾಳಿಗೆ ಜಾಗವೇ ಇಲ್ಲದಂತೆ ಇಡೀ ತುಂಬುತ್ತಾರೆ.

‘ರೈಲ್ವೆಯೊಳಗ ಹೆಂಗ ಕಾಕಾ?’ ಅಂದೆ. ಕೇಳಬಾರದಿತ್ತು. ಚಹಾ ಇನ್ನೊಮ್ಮೆ ಬಂತು.

ಹಳೆಯ ಕಾಲದ ಆಕ್ಸಲ್ ಬಾಕ್ಸಿನಲ್ಲಿ ಗುಂಡೂ ಇಲ್ಲ, ರೋಲರೂ ಇಲ್ಲ. ಅಚ್ಚಿನ ಮೇಲೆ ಹಿತ್ತಾಳೆಯ ತುಂಡು, ಅದಕ್ಕೆ ಬಿಳಿ ಲೋಹದ ಅಸ್ತರು. ಕೆಳಗೆ ಎಣ್ಣೆಯಲ್ಲಿ ತೊಯ್ಸಿದ ಹತ್ತಿ ನೂಲಿನ ಉಂಡೆ. ಎಣ್ಣೆ ಆರಿತೋ, ನೀರು ಹೊಕ್ಕಿತೋ, ‘ಹಾಟ್ ಆಕ್ಸಲ್’. ಗಾಡಿ ಸ್ಟೇಷನ್ನಿಗೆ ಬಂದರೆ ಸಾಲಾಗಿ ಪ್ರತಿ ಬಾಕ್ಸಿಗೂ ಮುಂಗೈ ಮುಟ್ಟಿಸುತ್ತ ಹೋಗುವವರಿದ್ದರು. ಸುಟ್ಟರೆ ಆ ವ್ಯಾಗನ್ ಅಲ್ಲಿಯೇ ಕಟ್. ಆಮೇಲೆ ರೋಲರ್ ಬೇರಿಂಗ್ ಬಂತು, ಒಳಗೆ ಗ್ರೀಸು ಬಂತು, ಮುಂಗೈ ಸುಟ್ಟುಕೊಳ್ಳುವ ಕೆಲಸ ಕಮ್ಮಿಯಾಯಿತು.

‘ಆದ್ರ ನೀರಾಗ ಮುಳುಗಿದ ಗಾಡಿಗೆ ಮಾಫಿ ಇಲ್ಲ. ಆಕ್ಸಲ್ ಬಾಕ್ಸ್ ತನಕ ನೀರು ಏರಿತ್ತು ಅಂದ್ರ ಬಿಚ್ಚಿ ನೋಡೂದs. ಸೌಂಡ್ ಇಲ್ಲಲ್ಲಾ, ತಿರಗತೈತಲ್ಲಾ ಅಂತ ಬಿಡೂದಿಲ್ಲ. 2005ರಾಗ ಮುಂಬೈದಾಗ ಒಂದು ದಿನಕ್ಕ 944 ಮಿಲಿಮೀಟರ್ ಮಳಿ ಆತು, ಲೋಕಲ್ ಗಾಡಿ ನಿಂತ ನಿಂತಲ್ಲೇ ನೀರಾಗ. ನೀರು ಇಳಿದ ಮ್ಯಾಲ ಖರೇ ಕೆಲಸ ಶುರು ಆಗೂದು ನಮ್ಮ ಮಂದೀದು.’

ಸೌಂಡ್ ಇಲ್ಲದ್ದೇ ಮೋಸ. ನೀರು ಹೊಕ್ಕ ದಿನ ಬೇರಿಂಗ್ ಏನೂ ಅನ್ನುವುದಿಲ್ಲ. ಗುಂಡಿಗೂ ಅದು ಉರುಳುವ ದಾರಿಗೂ ನಡುವೆ ಇರುವ ಎಣ್ಣೆಯ ಪದರ ಕೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ತೆಳ್ಳಗೆ. ನೀರು ಬೆರೆತರೆ ಆ ಪದರ ಭಾರ ಹೊರುವುದಿಲ್ಲ, ಉಕ್ಕು ಉಕ್ಕಿಗೆ ತಾಗುತ್ತದೆ. ಗಾಡಿ ನಿಂತ ರಾತ್ರಿ ಗುಂಡು ಎಲ್ಲಿ ಕೂತಿರುತ್ತದೋ ಅಲ್ಲಿಯೇ ತುಕ್ಕಿನ ಚುಕ್ಕೆ. ಮಾರನೆಯ ದಿನ ಅದೇ ಚುಕ್ಕೆಯ ಮೇಲೆ ಗುಂಡು ಸಾವಿರಾರು ಸಲ ಹಾಯುತ್ತದೆ, ಚುಕ್ಕೆ ಕುಣಿಯಾಗುತ್ತದೆ. ಹೀಗೆ ಆಷಾಢದಲ್ಲಿ ಕುಡಿದ ನೀರು ದೀಪಾವಳಿಗೆ ‘ಗೊಂಯ್’ ಅನ್ನುತ್ತದೆ. ಆಗ ಮಳೆ ಯಾರಿಗೆ ನೆನಪಿರುತ್ತದೆ? ಡೂಪ್ಲಿಕೇಟ್ ಬೇರಿಂಗ್ ಹಾಕಿದ್ದಾನೆ ಅಂತ ಮೆಕ್ಯಾನಿಕ್ಕಿಗೆ ಬೈಗಳು.

ನವಲಗುಂದದ ಕಡೆಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಅಲ್ಲಿ ಬೆಣ್ಣಿಹಳ್ಳ ಬಂದರೆ ಸುಮ್ಮನೆ ಬರುವುದಿಲ್ಲ. ಎರಿ ಹೊಲಗಳನ್ನೆಲ್ಲ ಹೊಕ್ಕು, ದಾರಿ ಕಟ್ಟಿ, ಆಮೇಲೆ ಮಲಪ್ರಭೆಗೆ ಹೋಗುತ್ತದೆ. ಹಳ್ಳ ಸ್ವಲ್ಪ ಇಳಿದರೆ ಸಾಕು, ಟ್ರ್ಯಾಕ್ಟರ್ ಇಳಿಸಿಯೇ ಬಿಡುತ್ತಾರೆ, ಹೊಲ ಕಾಯುವುದಿಲ್ಲವಲ್ಲ. ದೊಡ್ಡ ಗಾಲಿಯ ಅಚ್ಚು ಎಣ್ಣೆಯೊಳಗೆ ಮುಳುಗಿರುತ್ತದೆ, ಅದಕ್ಕೆ ಅಷ್ಟು ತ್ರಾಸಿಲ್ಲ. ಸಾಯುವುದು ಮುಂದಿನ ಸಣ್ಣ ಗಾಲಿ, ಮತ್ತು ಯಾರೂ ಹೊರಳಿ ನೋಡದ ಟ್ರೇಲರ್ ಗಾಲಿ. ಅದೇ ಬೆಣ್ಣಿಹಳ್ಳದ ದಂಡೆಯ ಯಮನೂರಿನಲ್ಲಿ ಚಾಂಗದೇವನ ಜಾತ್ರೆ ನಡೆಯುತ್ತದೆ. ಹಳ್ಳದ ನೀರನ್ನೇ ಹಾಕಿ ದೀಪ ಹಚ್ಚುವ ಪದ್ಧತಿ ಅಲ್ಲಿ, ಹಿಂದೂಗಳೂ ಮುಸ್ಲಿಮರೂ ಕೂಡಿ ಮಾಡುವ ಜಾತ್ರೆ. ನೀರು ಎಣ್ಣೆಯಾಗುವ ಆ ಭಾಗ್ಯ ದೀಪಕ್ಕಷ್ಟೇ. ಜಾತ್ರೆಗೆ ಮಂದಿಯನ್ನು ತುಂಬಿಕೊಂಡು ಬಂದ ಟ್ರೇಲರಿಗೆ ಚಾಂಗದೇವ ಕೂಡ ಅಂಗಡಿಯ ದಾರಿ ತೋರಿಸುತ್ತಾನೆ.

ಟ್ರ್ಯಾಕ್ಟರಿಗೂ ಮುಂಚೆ ಹಳ್ಳ ದಾಟುತ್ತಿದ್ದದ್ದು ಚಕ್ಕಡಿ. ಕಟ್ಟಿಗೆಯ ಗಾಲಿ, ನಡುವೆ ಗುಂಬ, ಗುಂಬದೊಳಗೆ ಕಬ್ಬಿಣದ ಅಚ್ಚು, ಗಾಲಿ ಕಳಚದಂತೆ ತುದಿಗೆ ಕಡಾಣಿ. ಸೀಲು ಗೀಲು ಏನೂ ಇಲ್ಲ. ಇದ್ದದ್ದು ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಚಕ್ಕಡಿಯ ಕೆಳಗೆ ಜೋತುಬಿಟ್ಟಿರುತ್ತಿದ್ದರು. ಹಳ್ಳ ದಾಟಿ ಬಂದಮೇಲೆ ಗಾಲಿ ಕಿರ್‌ಗುಟ್ಟಿದರೆ ಅಲ್ಲಿಯೇ ಕಡಾಣಿ ತೆಗೆದು, ಗಾಲಿ ಸರಿಸಿ, ಬಳಿದು, ಮುಂದಕ್ಕೆ. ಎಣ್ಣೆ ಒಂದೇ ಇದ್ದರೆ ಹರಿದು ಹೋಗುತ್ತದೆ. ಕರಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಇವತ್ತಿನ ಗ್ರೀಸೂ ಅಷ್ಟೇ: ಬಹುಪಾಲು ಎಣ್ಣೆ, ಅದನ್ನು ಹಿಡಿದು ನಿಲ್ಲಿಸಲು ಒಂದು ಬಗೆಯ ಸಾಬೂನು. ಆ ಸಾಬೂನು ಯಾವುದು ಅನ್ನುವುದರ ಮೇಲೆ ಗ್ರೀಸಿನ ಜಾತಿ.

ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಈಗ ಎಲ್ಲ ಗ್ಯಾರೇಜಿನಲ್ಲೂ ಸಿಗುವುದು ಲಿಥಿಯಂ ಗ್ರೀಸು. ಅದರ ಸಾಬೂನು ಹೆಚ್ಚಾಗಿ ತಯಾರಾಗುವುದು 12-ಹೈಡ್ರಾಕ್ಸಿಸ್ಟಿಯರಿಕ್ ಅನ್ನುವ ಆಮ್ಲದಿಂದ, ಆ ಆಮ್ಲ ಬರುವುದು ಔಡಲೆಣ್ಣೆಯಿಂದ. ಜಗತ್ತಿನಲ್ಲಿ ಔಡಲ ಹೆಚ್ಚು ಬೆಳೆಯುವ ದೇಶ ನಮ್ಮದೇ, ಅದರಲ್ಲೂ ಗುಜರಾತು. ಅಂದರೆ ಅಜ್ಜ ಗೊಟ್ಟದಿಂದ ಬಳಿದ ಔಡಲವನ್ನೇ ಮೊಮ್ಮಗ ಗನ್ನಿನಿಂದ ಹೊಡೆಯುತ್ತಿದ್ದಾನೆ, ನಡುವೆ ಒಂದು ಕಾರ್ಖಾನೆ ಹೊಕ್ಕು ಬಂದಿದೆ ಅಷ್ಟೇ. ಕಾಕಾಗೂ ಇದು ಹೊಸದು. ‘ಹೌದನ?’ ಅಂತ ಮೂರು ಸಲ ಕೇಳಿದರು. ಕಾಕಾಗೆ ಗೊತ್ತಿಲ್ಲದ್ದನ್ನು ಹೇಳುವ ಸುಖ ಆ ಕಂಪೌಂಡ್ ಗೋಡೆಯ ಈ ಬದಿಗೆ ಅಪರೂಪ.

ಆದರೆ ನೀರಿಗೆ ಲಿಥಿಯಂ ಮಧ್ಯಮ ದರ್ಜೆ. ಹಿಂದೆ ಸೋಡಿಯಂ ಸಾಬೂನಿನ ಗ್ರೀಸಿತ್ತು, ಅದು ನೀರಲ್ಲಿ ಕರಗಿಯೇ ಹೋಗುತ್ತಿತ್ತು. ಕ್ಯಾಲ್ಸಿಯಂ ಸಾಬೂನಿನ ಹಳೆಯ ಗ್ರೀಸು ನೀರಿಗೆ ಜಗ್ಗುವುದಿಲ್ಲ, ಆದರೆ 100 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಸೋರುತ್ತದೆ. ಪಂಪಿಗೆ ಸರಿ, ಬ್ರೇಕಿನ ಪಕ್ಕದ ಹಬ್ಬಿಗೆ ಅಲ್ಲ. ಬಿಸಿಗೂ ನೀರಿಗೂ ಎರಡಕ್ಕೂ ನಿಲ್ಲುವಂಥದ್ದು ಈಗಿನ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸು, ಬೆಲೆಯೂ ಹಾಗೇ ಇದೆ. ಯಾವುದನ್ನು ತಂದರೂ ಹಳೆಯದರ ಮೇಲೆ ಹೊಸ ಜಾತಿಯದನ್ನು ಮೆತ್ತಬಾರದು. ಎರಡಕ್ಕೂ ಕೂಡಿಬರದೆ ತೆಳುವಾಗಿ ಹರಿದುಹೋಗುವುದುಂಟು. ಪೂರ್ತಿ ತೊಳೆದು, ಒಣಗಿಸಿ, ಆಮೇಲೆ. ಮತ್ತೆ ಬಣ್ಣ ನೋಡಿ ಮರುಳಾಗಬೇಡಿ. ನೀಲಿ ಇದ್ದರೆ ಸಮುದ್ರದ್ದು, ಕೆಂಪಿದ್ದರೆ ಬಿಸಿಗೆ ಅಂತ ಅಂಗಡಿಯವರು ಹೇಳಿಯಾರು. ಬಣ್ಣ ಬಣ್ಣವೇ.

‘ಗ್ರೀಸ್ ಬಿಡು,’ ಅಂದರು ಕಾಕಾ. ‘ನಮ್ಮೂರಾಗ ಬೇರಿಂಗ್ ಕೊಲ್ಲೂದು ಮಳಿ ಅಲ್ಲ. ವಾಟರ್ ಸರ್ವೀಸಿಂಗ್.’

ಇದು ಕಾಕಾ ಅವರ ಖಾಸಾ ಸಿದ್ಧಾಂತ, ನನಗೂ ಒಪ್ಪಿಗೆ. ಅರ್ಧ ಮೀಟರ್ ಆಳದ ನೀರು ಸೀಲನ್ನು ಒತ್ತುವುದು ಒಂದು ವಾತಾವರಣದ ಒತ್ತಡದ ಇಪ್ಪತ್ತನೇ ಒಂದು ಪಾಲು. ಗಾಡಿ ತೊಳೆಯುವ ಯಂತ್ರದ ಪಿಚಕಾರಿ ಅದೇ ವಾತಾವರಣದ ಒತ್ತಡದ ನೂರು ಪಟ್ಟಿನ ತನಕ ಒತ್ತುತ್ತದೆ, ಅದೂ ಬೆರಳಗಲದ ಜಾಗಕ್ಕೆ. ಮಳೆಗಾಲ ಮುಗಿದ ಕೂಡಲೇ ನಮ್ಮ ಮಂದಿಗೆ ಗಾಡಿ ಮೇಲೆ ಪ್ರೀತಿ ಉಕ್ಕುತ್ತದೆ. ಓಡಿಸಿಕೊಂಡು ಹೋಗಿ, ಹಬ್ಬು ಬಿಸಿ ಇದ್ದಾಗಲೇ ಮೇಲಕ್ಕೆ ಏರಿಸಿ, ಕೆಸರು ಹೋಗಲಿ ಅಂತ ನೇರ ಗಾಲಿಯ ನಡುವಿಗೇ ಹೊಡೆಸುತ್ತಾರೆ. ಹುಡುಗನಿಗೆ ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟು ‘ಇಲ್ಲೂ ಹೊಡಿಯೋ’ ಅಂತ ತೋರಿಸುವವರೂ ಇದ್ದಾರೆ. ಇಡೀ ಮಳೆಗಾಲ ತಡೆದ ಸೀಲು ಆ ಹತ್ತು ರೂಪಾಯಿಗೆ ಸೋಲುತ್ತದೆ. ಹಬ್ಬಿನ ಕಡೆ ಮಾಮೂಲಿ ನಳದ ನೀರು, ಒಂದು ಬ್ರಷ್ಷು ಸಾಕು. ಫಳಫಳ ಹೊಳೆಯುವುದಿಲ್ಲ, ಖರೆ.

ಸೈನ್ಯದವರಿಗೆ ಈ ಹೊಳಪಿನ ಹುಚ್ಚಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕನ್ನರು ‘ಡಕ್’ ಅನ್ನುವ ಆರು ಗಾಲಿಯ ಲಾರಿ-ದೋಣಿಯನ್ನು ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಟ್ಟಿದರು. ನಾರ್ಮಂಡಿಯ ಮರಳದಂಡೆಗೆ ಸಾಮಾನು ಹೊತ್ತದ್ದು ಅದೇ. ಚಾಲಕ ಕೂತಲ್ಲಿಂದಲೇ ಟೈರಿನ ಗಾಳಿ ಏರಿಳಿಸಬಹುದಾದ ಜಾಣ ಗಾಡಿ. ಇಷ್ಟಾದರೂ ನೀರಿನಿಂದ ಬಂದಮೇಲೆ ಗ್ರೀಸ್ ಗನ್ ಹಿಡಿದು ಕೆಳಗೆ ತೂರಬೇಕಾದ್ದು ತಪ್ಪಲಿಲ್ಲ. ಹೊಸ ಗ್ರೀಸು ಒತ್ತುತ್ತ ಹೋಗುವುದು; ಹಳೆಯದು ನೀರನ್ನೂ ಕೂಡಿಕೊಂಡು ಹೊರಗೆ ಬರುತ್ತದೆ. ಹಬ್ಬಕ್ಕೋ ಅಮಾವಾಸ್ಯೆಗೋ ಅಲ್ಲ, ನೀರಿಗಿಳಿದಾಗಲೆಲ್ಲ. ನೀರಿಗೆಂದೇ ಹುಟ್ಟಿದ ಗಾಡಿಗೆ ಇಷ್ಟು ಉಪಚಾರ. ನೀರಿಗೆ ಹುಟ್ಟದ ನಮ್ಮ ಗಾಡಿಗಳನ್ನು ಇಳಿಸಿ, ಎಬ್ಬಿಸಿ, ಒರೆಸದೆ ಮಲಗಿಸುತ್ತೇವೆ.

‘ಹಂಗಾದ್ರ ನಾವೇನು ಮಾಡಬೇಕು?’ ಅಂದೆ. ನನ್ನ ಸ್ಕೂಟರು ಪಕ್ಕದಲ್ಲೇ ನಿಂತಿತ್ತು.

‘ನಿನ್ನ ಸ್ಕೂಟರಿಗೆ ಏನೂ ಮಾಡಾಕ ಬರಂಗಿಲ್ಲ. ಅದರ ಬೇರಿಂಗ್ ಎರಡೂ ಕಡೆ ರಬ್ಬರ್ ಹಾಕಿ ಮುಚ್ಚಿದ್ದು. ಗ್ರೀಸ್ ಹಾಕೂ ದಾರಿನs ಇಲ್ಲ. ಹೋತು, ಹೊಸಾದು ಹಾಕು. ಮುಂಚೆ ಗುರ್ತು ಹಿಡೀಬೇಕು ಅಷ್ಟ.’

ಗುರುತು ಹಿಡಿಯುವುದನ್ನು ತೋರಿಸಲು ಗೋಡೆ ಹಾರಿ ಬರುವ ವಯಸ್ಸು ದಾಟಿದೆಯಾದ್ದರಿಂದ ಗೇಟಿನ ಮೂಲಕ ಸುತ್ತಿ ಬಂದರು. ಡಬಲ್ ಸ್ಟ್ಯಾಂಡ್ ಹಾಕಿಸಿದರು. ಗಾಲಿಯ ಮೇಲ್ತುದಿ ಕೆಳತುದಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರು. ‘ಕಟಕ್’ ಅಂದರೆ ಪ್ಲೇ ಬಂದಿದೆ ಅಂತ. ಕೈಯಿಂದ ತಿರುಗಿಸಿ, ಒಂದು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ, ತುದಿಯನ್ನು ಅಚ್ಚಿನ ನಟ್ಟಿಗೆ ಹಚ್ಚಿ ಕಣ್ಣು ಮುಚ್ಚಿದರು. ಡಾಕ್ಟರರೂ ಇಷ್ಟು ಹೊತ್ತು ಕೇಳುವುದಿಲ್ಲ. ದೂರ ಓಡಿಸಿ ಬಂದಮೇಲೆ ಎರಡೂ ಗಾಲಿಯ ನಡುವೆ ಮುಟ್ಟಿ ನೋಡು ಅಂದರು: ಡ್ರಮ್ ಬ್ರೇಕಿನದು ಬೆಚ್ಚಗಿರುವುದು ಸಹಜ, ದಿನಕ್ಕಿಂತ ಹೆಚ್ಚು ಸುಡುತ್ತಿದ್ದರೆ ಸಂಶಯಪಡು. ಟ್ರ್ಯಾಕ್ಟರಿನಂಥ ಬಿಚ್ಚಬಹುದಾದ ಹಬ್ಬಿದ್ದರೆ ಮುಚ್ಚಳ ತೆಗೆದು ಬೆರಳು ಅದ್ದುವುದೇ ಪರೀಕ್ಷೆ.

‘ಗ್ರೀಸ್ ಮಜ್ಜಿಗಿ ಆಗಿತ್ತು ಅಂದ್ರ ನೀರು ಹೊಕ್ಕೈತಿ. ಮ್ಯಾಲ ಎಷ್ಟು ಹೊಸಾದು ತುಂಬಿದ್ರೂ ಉಪಯೋಗ ಇಲ್ಲ. ಎಲ್ಲಾ ತಗದು, ಡೀಸೆಲ್‌ದಾಗ ತೊಳದು, ರೋಲರ್ ಉರುಳೂ ಕಪ್ ನೋಡು. ಕಪ್ಪಿನ ಮ್ಯಾಲ ಉಗುರು ಎಳದಾಗ ತಟ್ಟಿತು ಅಂದ್ರ ಅದರ ಕತಿ ಮುಗೀತು.’

ಸೀಲಿನ ಮಾತು ಬಂದಾಗ ಕಾಕಾ ಕೋಪಗೊಂಡರು. ಬೇರಿಂಗ್ ಹೊಸದು ಹಾಕಿಸಿ ಹಳೆಯ ಸೀಲನ್ನೇ ಬಡಿದು ಕೂರಿಸಲು ಹೇಳುವವರ ಸಂತಾನದ ಬಗ್ಗೆ ಎರಡು ಮಾತಾಡಿದರು, ಅವು ಇಲ್ಲಿ ಬೇಡ. ನೂರು ರೂಪಾಯಿಯ ಆಸುಪಾಸಿನ ವಸ್ತು ಉಳಿಸಲು ಹೋಗಿ ಅದರ ಹತ್ತು ಪಟ್ಟು ಕಳೆಯುವುದು. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಅಚ್ಚಿನ ಮೇಲೆ ಗೀರು ಬಿದ್ದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ, ಅದನ್ನೂ ನೋಡಬೇಕು ಅಂದರು.

ಇಷ್ಟು ಹೊತ್ತಿಗೆ ಆ ಕಡೆ ಅವರ ಮನೆಯ ಹಿತ್ತಲಿನಿಂದ ವಿಮಾನ ಏಳುವಂಥ ಸದ್ದು. ಗೋಕುಲ ರಸ್ತೆಯ ವಿಮಾನ ನಿಲ್ದಾಣ ನಮ್ಮಿಂದ ದೂರ, ಹಾಗಾಗಿ ಅದಲ್ಲ. ಸದ್ದು ಏರಿತು, ಕಿಟಕಿ ನಡುಗಿತು, ನಿಂತಿತು. ಕಾಕು ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊರಗೆ ಬಂದರು.

‘ಕೇಳಿಸ್ತನ್ರಿ? ಅಮೆರಿಕಾದವರ ಕಾರಿನ ಬೇರಿಂಗ್ ಆತು, ಮುಂಬೈ ಗಾಡೀದೂ ಆತು. ನಮ್ಮ ವಾಷಿಂಗ್ ಮಷೀನ್ ಹಿಂಗ ಒದರಾಕತ್ತು ಎಷ್ಟ್ ದಿನಾತು?’

ಕಾಕಾ ಸುಮ್ಮನಾದರು. ಸದಾ ನೀರಿನಲ್ಲೇ ತಿರುಗುವ ಡ್ರಮ್ಮು, ಅದರ ಹಿಂದೆ ಬೇರಿಂಗು, ನಡುವೆ ಒಂದೇ ಒಂದು ರಬ್ಬರಿನ ತುಟಿ. ಅದರ ಮೇಲೆ ದಿನವೂ ಸೋಪಿನ ನೀರು, ವಾರಕ್ಕೊಮ್ಮೆ ಬಿಸಿನೀರು. ಇಡೀ ಓಣಿಯಲ್ಲಿ ಪರವಾನಗಿ ಪಡೆದ ಉಭಯಚರ ಯಂತ್ರ ಅದೊಂದೇ ಇರಬೇಕು.

‘ಹಿಂದ ಕಂದು ನೀರಿನ ಗೆರಿ ಇಳಿದೈತೇನು?’ ಅಂತ ಕೇಳಿದರು ಮೆಲ್ಲಗೆ.

‘ದೀಪಾವಳಿಂದ ಇಳೀಲಿಕ್ಕತ್ತೇತಿ. ಹೇಳಿದ್ದೆ. ಪೇಪರ್ ಓದಾಕತ್ತಿದ್ರಿ.’

‘ಸೀಲ್ ಹೋಗೇತಿ,’ ಅಂದರು ಕಾಕಾ ನನ್ನ ಕಡೆ ತಿರುಗಿ, ದೊಡ್ಡ ಸಂಶೋಧನೆಯೆಂಬಂತೆ. ಕಾಕು ಒದ್ದೆ ಚಾದರಗಳ ಬುಟ್ಟಿಯನ್ನು ನಮ್ಮಿಬ್ಬರ ನಡುವಿನ ಗೋಡೆ ಮೇಲೆ ಇಟ್ಟು, ಒಂದು ತುದಿ ಅವರ ಕೈಗೆ, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು, ಹಿಂಡಲು ಹೇಳಿದರು.